ಇಂಗ್ಲೆಂಡಿಗೆ ಓದಲು ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಿವಮೊಗ್ಗದವಳು. 2022ರ ಸೆಪ್ಟೆಂಬರ್‌ನಲ್ಲಿ ಎಂಎಸ್ಸಿ ಓದಲು ಲೆಸ್ಟರ್‌ಗೆ ಬಂದೆ. ಓದು ಮುಗಿದ ಮೇಲೂ ಇಲ್ಲೇ ಇದ್ದೇನೆ. ಆಗಸ್ಟ್ ಬಂತೆಂದರೆ ಸಾಕು, ವಾಟ್ಸಾಪ್‌ನಲ್ಲಿ ಮೆಸೇಜು ಶುರು. ಯಾರದೋ ತಂಗಿ, ಯಾರದೋ ಅತ್ತೆ ಮಗ, "ಅಕ್ಕಾ, ಒಂದು ಡೌಟು" ಅಂತ. ವರ್ಷ ಬದಲಾದರೂ ಡೌಟುಗಳು ಹೆಚ್ಚುಕಡಿಮೆ ಅವೇ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ಇಲ್ಲಿರುವ ನಿಯಮಗಳು ಇಂಗ್ಲೆಂಡಿನವು. ಸ್ಕಾಟ್ಲೆಂಡ್, ವೇಲ್ಸ್‌ಗೆ ಹೋಗುವವರಿಗೆ ಕೆಲವು ಬೇರೆ ಇರುತ್ತವೆ. ದುಡ್ಡಿನ ಲೆಕ್ಕ ಏಪ್ರಿಲ್ ಬಂದಾಗೆಲ್ಲ ಬದಲಾಗುತ್ತದೆ, ಕಟ್ಟುವ ಮುಂಚೆ ಸರ್ಕಾರದ ವೆಬ್‌ಸೈಟ್ ಒಮ್ಮೆ ನೋಡಿಕೊಳ್ಳಿ.

ಅಕ್ಕಾ, ಅಮ್ಮ ಇಡೀ ಅಡುಗೆಮನೆ ಕಟ್ಟಿಕೊಡುತ್ತಿದ್ದಾರೆ. ಏನು ತರಲಿ, ಏನು ಬಿಡಲಿ?

ಅಕ್ಕಿ, ಬೇಳೆ ಇಲ್ಲೂ ಸಿಗುತ್ತದೆ ಅಂತ ಮೊದಲು ಅಮ್ಮನಿಗೆ ಹೇಳಿ. ಮಾಂಸ ಮತ್ತು ಹಾಲಿನ ಪದಾರ್ಥ ತರುವಂತಿಲ್ಲ. ತುಪ್ಪ, ಕೋವಾ, ಧಾರವಾಡ ಪೇಡ ಎಲ್ಲ ಅದರಲ್ಲೇ ಬಂತು. ಹಸಿ ಹಣ್ಣು, ಹಸಿ ಸೊಪ್ಪಿಗೂ ಸರ್ಟಿಫಿಕೇಟ್ ಬೇಕು, ಸುಮ್ನೆ ರಗಳೆ. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ ಧಾರಾಳವಾಗಿ ತನ್ನಿ. ಪರೀಕ್ಷೆ ಹಿಂದಿನ ರಾತ್ರಿ ಅನ್ನದ ಮೇಲೆ ಉದುರಿಸಿಕೊಳ್ಳಲು ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಕುಕ್ಕರ್ ತರುವ ಮುಂಚೆ ನಿಮ್ಮ ಹಾಸ್ಟೆಲಿನ ಒಲೆ ಯಾವುದು ಅಂತ ಕೇಳಿ. ಇಂಡಕ್ಷನ್ ಆಗಿದ್ದರೆ ಮಾಮೂಲಿ ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಬಿಸಿಯೇ ಆಗುವುದಿಲ್ಲ. ನನ್ನ ರೂಮ್‌ಮೇಟ್ ಐದು ಲೀಟರ್‌ದು ಹೊತ್ತು ತಂದಿದ್ದಳು. ಅದು ಕೊನೆಗೆ ಈರುಳ್ಳಿ ಹಾಕಿಡುವ ಡಬ್ಬಿ ಆಯಿತು. ಒಲೆ ಸರಿಯಿದ್ದರೆ ಮೂರು ಲೀಟರ್ ಸಾಕು, ಒಂದು ಗ್ಯಾಸ್ಕೆಟ್ ಜಾಸ್ತಿ ಇರಲಿ. ನಮ್ಮ ಮಿಕ್ಸಿ ಇಲ್ಲಿನ ಕರೆಂಟಿಗೆ ಓಡುತ್ತದೆ, ಪ್ಲಗ್ ಮಾತ್ರ ಬೇರೆ, ಅಡಾಪ್ಟರ್ ಬೇಕು.

ಕನ್ನಡಕ ಹಾಕುವವರು ಊರಲ್ಲೇ ಇನ್ನೊಂದು ಜೊತೆ ಮಾಡಿಸಿ. ಹಲ್ಲು ನೋಯುತ್ತಿದ್ದರೆ ಹೊರಡುವ ಮುಂಚೆ ತೋರಿಸಿಕೊಳ್ಳಿ. ಇಲ್ಲಿ ಎನ್‌ಎಚ್‌ಎಸ್, ಅಂದರೆ ಸರ್ಕಾರಿ ಆರೋಗ್ಯ ಸೇವೆಯ ದಂತವೈದ್ಯರು ಸಿಗುವುದೇ ಕಷ್ಟ. ದಿನಾ ತಗೊಳ್ಳುವ ಮಾತ್ರೆ ಇದ್ದರೆ ಡಾಕ್ಟರ ಚೀಟಿ ಸಮೇತ ತನ್ನಿ. ದಪ್ಪ ಜಾಕೆಟ್ ಅಲ್ಲಿ ಕೊಳ್ಳಬೇಡಿ. ಬೆಂಗಳೂರಿನಲ್ಲಿ ಸಿಗುವುದು ಬೆಂಗಳೂರಿನ ಚಳಿಗೆ. ಇಲ್ಲಿನ ಪ್ರೈಮಾರ್ಕ್ ಅಂಗಡಿ ಅಥವಾ ಬಳಸಿದ ವಸ್ತು ಮಾರುವ ಚಾರಿಟಿ ಶಾಪಿನಲ್ಲಿ ಕಡಿಮೆಗೆ ಒಳ್ಳೆಯದೇ ಸಿಗುತ್ತದೆ. ಕೊಡೆಗಿಂತ ಟೋಪಿ ಇರುವ ಮಳೆಕೋಟು ವಾಸಿ. ಇಲ್ಲಿನ ಮಳೆ ನಮ್ಮ ಆಗುಂಬೆ ಮಳೆಯ ಹಾಗೆ ನೆಟ್ಟಗೆ ಸುರಿಯುವುದಿಲ್ಲ, ಗಾಳಿಯ ಜೊತೆ ಅಡ್ಡಡ್ಡ ಬರುತ್ತದೆ.

ಪಾಸ್‌ಪೋರ್ಟಿನಲ್ಲಿ ವೀಸಾನೇ ಅಂಟಿಸಿಲ್ಲ. ಏನೋ ತಪ್ಪಾಗಿದೆಯಾ?

ಇಲ್ಲ. ನಾನು ಬಂದಾಗ ಪೋಸ್ಟ್ ಆಫೀಸಿಗೆ ಹೋಗಿ ಬಿಆರ್‌ಪಿ ಎಂಬ ಪ್ಲಾಸ್ಟಿಕ್ ಕಾರ್ಡ್ ತಗೊಳ್ಳಬೇಕಿತ್ತು. 2024ರ ಕೊನೆಗೆ ಆ ಕಾರ್ಡುಗಳ ಕಾಲ ಮುಗಿಯಿತು. ಈಗ ಇರುವುದು ಇ-ವೀಸಾ. ಆನ್‌ಲೈನ್‌ನಲ್ಲಿ ಯುಕೆವಿಐ (ಇಲ್ಲಿನ ವೀಸಾ ಇಲಾಖೆ) ಖಾತೆ ತೆರೆದರೆ ನಿಮ್ಮ ವೀಸಾ ಅಲ್ಲಿ ಕಾಣುತ್ತದೆ. ವಿಮಾನ ಹತ್ತುವ ಮುಂಚೆಯೇ ತೆರೆದು ಹೆಸರು, ಹುಟ್ಟಿದ ದಿನ, ವೀಸಾ ಮುಗಿಯುವ ತಾರೀಕು, ಕೆಲಸದ ಷರತ್ತು ಎಲ್ಲ ಸರಿಯಿದೆಯಾ ನೋಡಿ.

ಮನೆ ಬಾಡಿಗೆಗೆ ಹಿಡಿಯುವಾಗ, ಕೆಲಸಕ್ಕೆ ಸೇರುವಾಗ 'ಷೇರ್ ಕೋಡ್' ಕೇಳುತ್ತಾರೆ, ನಿಮ್ಮ ವೀಸಾವನ್ನು ಅವರು ಆನ್‌ಲೈನ್‌ನಲ್ಲಿ ನೋಡಲು. ಅದೇ ಖಾತೆಯಲ್ಲಿ ಸಿಗುತ್ತದೆ, 90 ದಿನ ನಡೆಯುತ್ತದೆ. ಮುಗಿದರೆ ಇನ್ನೊಂದು ತಗೊಳ್ಳಿ, ದುಡ್ಡಿಲ್ಲ. ಪಾಸ್‌ಪೋರ್ಟ್ ಹೊಸದು ಮಾಡಿಸಿದರೆ ಆ ಖಾತೆಯಲ್ಲೂ ಬದಲಿಸಬೇಕು. ತುಂಬ ಜನ ಮರೆಯುವುದು ಇದನ್ನೇ.

ನಮ್ಮವರಿಗೆ ಇನ್ನೊಂದು ತಲೆನೋವು ಹೆಸರಿನದು. ಇನಿಷಿಯಲ್ ಬಿಡಿಸಿದಾಗ ಒಬ್ಬರಿಗೆ ಅಪ್ಪನ ಹೆಸರು ಸರ್‌ನೇಮ್ ಆಗಿರುತ್ತದೆ, ಇನ್ನೊಬ್ಬರಿಗೆ ಊರ ಹೆಸರು, ಮತ್ತೊಬ್ಬರಿಗೆ ಆ ಜಾಗ ಖಾಲಿ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ಯೂನಿವರ್ಸಿಟಿ, ಬ್ಯಾಂಕು, ಡಾಕ್ಟರು ಎಲ್ಲ ಕಡೆ ಕೊಡಿ. ಒಂದು ಕಡೆ ಹಿಂದುಮುಂದಾದರೆ ಸರಿಮಾಡಿಸುವುದರಲ್ಲೇ ತಿಂಗಳು ಕಳೆಯುತ್ತದೆ.

ಬ್ಯಾಂಕ್ ಖಾತೆಗೆ ವಿಳಾಸದ ಪುರಾವೆ ಬೇಕಂತೆ, ಮನೆಗೆ ಬ್ಯಾಂಕ್ ಖಾತೆ ಬೇಕಂತೆ. ಇದೇನು ಕತೆ?

ಹೌದು, ಕೋಳಿ ಮೊದಲೋ ಮೊಟ್ಟೆ ಮೊದಲೋ ಕತೆ. ಯೂನಿವರ್ಸಿಟಿಯಲ್ಲಿ 'ಬ್ಯಾಂಕ್ ಲೆಟರ್' ಕೇಳಿ, ಕೊಡುತ್ತಾರೆ. ನೀವು ಅಲ್ಲಿ ಓದುತ್ತೀರಿ, ಇಂಥ ವಿಳಾಸದಲ್ಲಿ ಇದ್ದೀರಿ ಅಂತ ಅದರಲ್ಲಿ ಇರುತ್ತದೆ. ಹಳೆಯ ಬ್ಯಾಂಕುಗಳಿಗೆ ಅದು ಸಾಕು. ಅಲ್ಲಿ ಅಪಾಯಿಂಟ್‌ಮೆಂಟ್ ತಡವಾದರೆ ಮೊಂಜೊ, ಸ್ಟಾರ್ಲಿಂಗ್‌ನಂಥ ಮೊಬೈಲ್ ಬ್ಯಾಂಕುಗಳಿವೆ, ಫೋನಿನಲ್ಲೇ ಅರ್ಜಿ ಹಾಕಬಹುದು. ನಮ್ಮ ಐಎಫ್‌ಎಸ್‌ಸಿ ಇದ್ದ ಹಾಗೆ ಇಲ್ಲಿ ಆರು ಅಂಕಿಯ ಸಾರ್ಟ್ ಕೋಡ್, ಜೊತೆಗೆ ಎಂಟು ಅಂಕಿಯ ಖಾತೆ ಸಂಖ್ಯೆ.

ತಿಂಗಳಿಗೆ ಎಷ್ಟು ದುಡ್ಡು ಬೇಕು?

ವೀಸಾಕ್ಕೆ ಸರ್ಕಾರ ತೋರಿಸಿ ಅನ್ನುವ ಮೊತ್ತವನ್ನೇ ಅಂದಾಜಿಗೆ ಇಟ್ಟುಕೊಳ್ಳಿ. 2025ರ ನವೆಂಬರ್‌ನಿಂದ ಅದು ಲಂಡನ್‌ನಲ್ಲಿ ತಿಂಗಳಿಗೆ 1,529 ಪೌಂಡ್, ಹೊರಗೆ 1,171 ಪೌಂಡ್. ಲೆಸ್ಟರ್‌ನಲ್ಲಿ ಮನೆ ಹಂಚಿಕೊಂಡು, ಅಡುಗೆ ಮಾಡಿಕೊಂಡು ಇದ್ದರೆ ಅಷ್ಟು ಆಗುವುದಿಲ್ಲ. ಲಂಡನ್‌ನಲ್ಲಿ ಬಾಡಿಗೆಯೇ ಅರ್ಧಕ್ಕಿಂತ ಜಾಸ್ತಿ ನುಂಗುತ್ತದೆ.

ಬಾಡಿಗೆಯನ್ನು ವಾರದ ಲೆಕ್ಕದಲ್ಲಿ ಹೇಳುತ್ತಾರೆ, ಅಲ್ಲಿ ಹುಷಾರು. ವಾರಕ್ಕೆ 120 ಅಂದರೆ ತಿಂಗಳಿಗೆ 480 ಅಲ್ಲ. ವರ್ಷಕ್ಕೆ 52 ವಾರ, ಹನ್ನೆರಡರಿಂದ ಭಾಗಿಸಿ, 520 ಆಗುತ್ತದೆ. ಮೊದಲ ತಿಂಗಳು ಎಲ್ಲವನ್ನೂ ರೂಪಾಯಿಗೆ ಗುಣಿಸುತ್ತೀರಿ. ನಾನೂ ಸ್ಟೇಷನ್ನಿನಲ್ಲಿ ಕಾಫಿಯ ಬೆಲೆ ಗುಣಿಸಿ ನೋಡಿ, ಕಪ್ಪು ಅಲ್ಲೇ ಇಟ್ಟು ಬರೋಣ ಅಂದುಕೊಂಡವಳೇ. ಎರಡನೇ ತಿಂಗಳಿಗೆ ಆ ಚಟ ಬಿಟ್ಟುಹೋಗುತ್ತದೆ.

ಮನೆ ನೋಡುವಾಗ ಏನು ಗಮನಿಸಬೇಕು?

ಇದಕ್ಕೆ ಉದ್ದ ಉತ್ತರ ಬೇಕು. ನಮ್ಮವರು ದುಡ್ಡು ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲೇ.

ಕಣ್ಣಾರೆ ನೋಡದ ಮನೆಗೆ ದುಡ್ಡು ಕಳಿಸಬೇಡಿ. "ನಾನು ಈಗ ಊರಲ್ಲಿಲ್ಲ, ಅಡ್ವಾನ್ಸ್ ಹಾಕಿ, ಕೀ ಕೊರಿಯರ್ ಮಾಡುತ್ತೇನೆ" ಅಂದರೆ ಅದು ಮೋಸವೇ. ಊರಿನಿಂದಲೇ ರೂಮ್ ಗೊತ್ತುಮಾಡಬೇಕಾದರೆ ಮೊದಲ ವರ್ಷಕ್ಕೆ ಯೂನಿವರ್ಸಿಟಿ ಹಾಸ್ಟೆಲ್ ಆಗಬಹುದು. ಸ್ವಲ್ಪ ದುಬಾರಿ, ಆದರೆ ನಿದ್ದೆ ಬರುತ್ತದೆ.

ಹೊರಗೆ ಮನೆ ಹಿಡಿದರೆ ಕಾನೂನು ನಿಮ್ಮ ಕಡೆ ಇದೆ. ಮನೆ ಕಾದಿರಿಸಲು ತಗೊಳ್ಳುವ ದುಡ್ಡು ಒಂದು ವಾರದ ಬಾಡಿಗೆ ಮೀರಬಾರದು. ಡಿಪಾಸಿಟ್ ಐದು ವಾರದ ಬಾಡಿಗೆ ಮೀರಬಾರದು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿದವರಿಗೆ ಇದು ಸ್ವರ್ಗ ಅಲ್ವಾ? ಆ ಡಿಪಾಸಿಟ್ಟನ್ನು ಮಾಲೀಕರು ಸುಮ್ಮನೆ ಇಟ್ಟುಕೊಳ್ಳುವ ಹಾಗೂ ಇಲ್ಲ. 30 ದಿನದ ಒಳಗೆ ಸರ್ಕಾರ ಒಪ್ಪಿದ ಮೂರು ಸ್ಕೀಮುಗಳಲ್ಲಿ ಒಂದರಲ್ಲಿ ಅದನ್ನು ನೋಂದಾಯಿಸಿ ನಿಮಗೆ ಕಾಗದ ಕೊಡಬೇಕು. ಕೊಡದಿದ್ದರೆ ಕೇಳಿ.

'ಗ್ಯಾರಂಟರ್' ಅಂದರೆ ಜಾಮೀನುದಾರ. ಇಲ್ಲಿ ನೆಲೆಸಿದವರೇ ಆಗಬೇಕು ಅನ್ನುತ್ತಾರೆ. ನಮಗೆ ಯಾರಿರುತ್ತಾರೆ? ಹಾಗಾಗಿ ಆರು ತಿಂಗಳ ಬಾಡಿಗೆ ಮುಂಗಡ ಕೊಡಿ ಅನ್ನುವ ಪದ್ಧತಿ ಬೆಳೆದಿತ್ತು. 2026ರ ಮೇ 1ರಿಂದ ಖಾಸಗಿ ಮಾಲೀಕರು ಒಂದು ತಿಂಗಳಿಗಿಂತ ಜಾಸ್ತಿ ಬಾಡಿಗೆ ಮುಂಗಡ ಕೇಳುವಂತಿಲ್ಲ ಅಂತ ಹೊಸ ಕಾನೂನು. ದೊಡ್ಡ ದೊಡ್ಡ ವಿದ್ಯಾರ್ಥಿ ಕಟ್ಟಡಗಳ ನಿಯಮ ಬೇರೆ, ಅಲ್ಲಿ ಕರಾರು ಪೂರ್ತಿ ಓದಿ. ಗ್ಯಾರಂಟರ್ ಆಗುವ ಯೋಜನೆ ಕೆಲವು ಯೂನಿವರ್ಸಿಟಿಗಳಲ್ಲೇ ಇದೆ. ಅವರಾಗಿ ಹೇಳುವುದಿಲ್ಲ, ನೀವೇ ಕೇಳಬೇಕು.

ಐದು ಜನ ಗೆಳೆಯರು ಒಂದೇ ಕರಾರಿಗೆ ಸಹಿ ಹಾಕಿದರೆ ಒಬ್ಬ ಬಾಡಿಗೆ ಕೊಡದೆ ಹೋದಾಗ ಉಳಿದ ನಾಲ್ವರ ತಲೆಗೆ ಬರುತ್ತದೆ. ಗೆಳೆತನ ಎಷ್ಟೇ ಗಟ್ಟಿ ಇರಲಿ, ಈ ಸಾಲು ಓದಿಯೇ ಸಹಿ ಹಾಕಿ.

ಒಳಗೆ ಕಾಲಿಟ್ಟ ದಿನವೇ ಫೋಟೋ ತೆಗೆಯಿರಿ. ಗೋಡೆ, ಕಾರ್ಪೆಟ್, ಓವನ್‌ನ ಒಳಗೆ, ಹಾಸಿಗೆಯ ಕೆಳಗೆ. ನಾನು ಬಿಟ್ಟ ಮೊದಲ ಮನೆಯ ಮಾಲೀಕರು, ಬಚ್ಚಲಿನ ಬೂಸ್ಟು ನನ್ನಿಂದಲೇ ಆಗಿದ್ದು, ಓವನ್ನೂ ಕೊಳೆ ಅಂತ 180 ಪೌಂಡ್ ಹಿಡಿದುಕೊಂಡರು. ನನ್ನ ಹತ್ತಿರ ಬಂದ ದಿನದ ಫೋಟೋ ಇತ್ತು, ಮೂಲೆಯಲ್ಲಿ ಅದೇ ಕಪ್ಪು ಕಲೆ. ಡಿಪಾಸಿಟ್ ಸ್ಕೀಮಿನವರ ಹತ್ತಿರ ದೂರು ಕೊಟ್ಟೆ, ಅದಕ್ಕೆ ಫೀಸ್ ಇಲ್ಲ. 140 ವಾಪಸ್ ಬಂತು. ಉಳಿದ 40 ನಿಜವಾಗಿಯೂ ನನ್ನದೇ ತಪ್ಪು, ಓವನ್ ತೊಳೆದಿರಲಿಲ್ಲ.

ಬೂಸ್ಟಿನ ವಿಷಯ ಬಂತಲ್ಲ, ಚಳಿಗಾಲದಲ್ಲಿ ಬಟ್ಟೆಯನ್ನು ರೂಮಿನಲ್ಲೇ ಒಣಗಿಸಿ ಕಿಟಕಿ ಮುಚ್ಚಿಟ್ಟರೆ ಬೂಸ್ಟು ಗ್ಯಾರಂಟಿ. ಚಳಿಯಾದರೂ ದಿನಕ್ಕೆ ಹತ್ತು ನಿಮಿಷ ಕಿಟಕಿ ತೆಗೆಯಿರಿ.

ಕೌನ್ಸಿಲ್ ಟ್ಯಾಕ್ಸ್ ಕಟ್ಟಿ ಅಂತ ಕಾಗದ ಬಂದಿದೆ. ಟಿವಿ ಲೈಸೆನ್ಸ್ ಅಂತಲೂ ಬಂದಿದೆ!

ಗಾಬರಿ ಬೇಡ. ಕೌನ್ಸಿಲ್ ಟ್ಯಾಕ್ಸ್ ಅಂದರೆ ಮನೆಯಲ್ಲಿ ವಾಸಿಸುವವರು ಊರಿನ ಸ್ಥಳೀಯ ಆಡಳಿತಕ್ಕೆ ಕಟ್ಟುವ ತೆರಿಗೆ. ಮನೆಯಲ್ಲಿ ಇರುವವರೆಲ್ಲ ಪೂರ್ಣಾವಧಿ ವಿದ್ಯಾರ್ಥಿಗಳಾದರೆ ಅದು ಇಲ್ಲ. ಆದರೆ ಅದು ತಾನಾಗಿ ಹೋಗುವುದಿಲ್ಲ, ಯೂನಿವರ್ಸಿಟಿಯಿಂದ ಸರ್ಟಿಫಿಕೇಟ್ ತಗೊಂಡು ಕೌನ್ಸಿಲ್‌ಗೆ ಕಳಿಸಬೇಕು. ಓದು ಮುಗಿಸಿ ಕೆಲಸಕ್ಕೆ ಸೇರಿದ ಒಬ್ಬರು ಆ ಮನೆಯಲ್ಲಿದ್ದರೂ ಬಿಲ್ ಬರುತ್ತದೆ, ಆಗ 25 ಶೇಕಡಾ ರಿಯಾಯಿತಿ. ಅದನ್ನು ಯಾರು ಕಟ್ಟಬೇಕು ಅಂತ ಮೊದಲೇ ಮಾತಾಡಿಕೊಳ್ಳಿ.

ಟಿವಿ ಲೈಸೆನ್ಸ್ ಬೇಕಾಗುವುದು ಚಾನೆಲ್ ಪ್ರಸಾರವನ್ನು ಲೈವ್ ಆಗಿ ನೋಡಿದರೆ, ಇಲ್ಲವೇ ಬಿಬಿಸಿಯ ಐಪ್ಲೇಯರ್ ನೋಡಿದರೆ. ಲ್ಯಾಪ್‌ಟಾಪಿನಲ್ಲಿ ನೋಡಿದರೂ ಅದೇ ಲೆಕ್ಕ. ಬರೀ ನೆಟ್‌ಫ್ಲಿಕ್ಸ್‌ನಲ್ಲಿ ಸಿನಿಮಾ ನೋಡುವವರಿಗೆ ಬೇಡ. ಬೇಡ ಅಂತ ಆನ್‌ಲೈನ್‌ನಲ್ಲಿ ತಿಳಿಸಿಬಿಟ್ಟರೆ ಕೆಂಪಕ್ಷರದ ಕಾಗದಗಳ ಕಾಟ ಸ್ವಲ್ಪ ದಿನ ನಿಲ್ಲುತ್ತದೆ.

ಹಾಸ್ಟೆಲಿನಲ್ಲಿ ಒಗ್ಗರಣೆ ಹಾಕಬಹುದಾ?

ಹಾಕಬಹುದು. ಆದರೆ ನನ್ನ ಹಾಗೆ ಅಲ್ಲ.

ಬಂದ ಮೊದಲ ಭಾನುವಾರ, ರಾತ್ರಿ ಒಂಬತ್ತೂವರೆ. ಬೇಳೆ ಬೆಂದಿತ್ತು. ಎಣ್ಣೆ ಕಾಯಿಸಿ ಸಾಸಿವೆ ಹಾಕಿದೆ, ಚಟಪಟ ಅಂತು. ಇಂಗು, ನಾಲ್ಕು ಬ್ಯಾಡಗಿ ಮೆಣಸಿನಕಾಯಿ. ಘಾಟು ಏರಿತು, ಕೆಮ್ಮು ಬಂತು, ಹೋಗಿ ಅಡುಗೆಮನೆಯ ಬಾಗಿಲು ತೆಗೆದೆ. ಅದೇ ನಾನು ಮಾಡಿದ ತಪ್ಪು. ಹೊಗೆ ಕಾರಿಡಾರಿಗೆ ಹೋಯಿತು, ಅಲ್ಲಿನ ಸ್ಮೋಕ್ ಅಲಾರಾಂ ಕಿರುಚಿಕೊಂಡಿತು, ಇಡೀ ಕಟ್ಟಡ ಖಾಲಿ. ನಲವತ್ತು ಜನ ಚಳಿಯಲ್ಲಿ ನಿಂತಿದ್ದಾರೆ. ಒಬ್ಬ ಟವೆಲ್ ಸುತ್ತಿಕೊಂಡಿದ್ದಾನೆ, ತಲೆಯಲ್ಲಿ ಶಾಂಪೂ ನೊರೆ. ಸೆಕ್ಯೂರಿಟಿಯವರು ಬಂದು ಏನು ಮಾಡುತ್ತಿದ್ದಿರಿ ಅಂತ ಕೇಳಿದರು. ಒಗ್ಗರಣೆಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಅಂತ ಆ ಹೊತ್ತಿಗೆ ಹೊಳೆಯಲೇ ಇಲ್ಲ. ಕೈಯಲ್ಲಿ ಸೌಟು ಬೇರೆ ಇತ್ತು.

ಆಮೇಲೆ ಕಲಿತಿದ್ದು ಇದು. ಒಲೆಯ ಮೇಲಿನ ಫ್ಯಾನ್ ಮೊದಲೇ ಹಾಕಿ. ಕಿಟಕಿ ತೆಗೆಯಿರಿ, ಬಾಗಿಲು ಮುಚ್ಚಿ. ಮೆಣಸಿನಕಾಯಿ ಹಾಕುವ ಮುಂಚೆ ಉರಿ ಆರಿಸಿ, ಎಣ್ಣೆಯ ಬಿಸಿಗೇ ಅದು ಹುರಿಯುತ್ತದೆ. ಅಲಾರಾಂಗೆ ಪ್ಲಾಸ್ಟಿಕ್ ಕವರ್ ಕಟ್ಟುವ ಬುದ್ಧಿವಂತಿಕೆ ಮಾತ್ರ ಬೇಡ, ಸಿಕ್ಕಿಬಿದ್ದರೆ ದಂಡ.

ದಿನಸಿ ಎಲ್ಲಿ ತಗೊಳ್ಳುವುದು? ಸೋನಾ ಮಸೂರಿ ಸಿಗುತ್ತದಾ?

ಲೆಸ್ಟರ್‌ನವರು ಪುಣ್ಯವಂತರು. 1972ರಲ್ಲಿ ಸರ್ವಾಧಿಕಾರಿ ಇದಿ ಅಮೀನ್ ಉಗಾಂಡಾದಿಂದ ಏಷ್ಯಾದವರನ್ನು ಓಡಿಸಿದಾಗ ಸಾವಿರಾರು ಗುಜರಾತಿ ಕುಟುಂಬಗಳು ಇಲ್ಲಿಗೆ ಬಂದವು. ಅವರು ಬೆಳೆಸಿದ್ದೇ ಬೆಲ್‌ಗ್ರೇವ್ ರೋಡಿನ ಈ ಅಂಗಡಿ ಸಾಲು, ಎಲ್ಲರೂ ಗೋಲ್ಡನ್ ಮೈಲ್ ಅನ್ನುತ್ತಾರೆ. ಸೋನಾ ಮಸೂರಿ, ತೊಗರಿಬೇಳೆ, ರಾಗಿಹಿಟ್ಟು, ಹಸಿ ಕರಿಬೇವು, ಫ್ರೀಜರಿನಲ್ಲಿ ತೆಂಗಿನ ತುರಿ, ಎಲ್ಲ ಇದೆ. ದೀಪಾವಳಿಗೆ ಇಡೀ ರಸ್ತೆಗೆ ದೀಪ ಹಾಕುತ್ತಾರೆ. ಲಂಡನ್‌ನಲ್ಲಿರುವವರಿಗೆ ಈಸ್ಟ್ ಹ್ಯಾಮ್, ಟೂಟಿಂಗ್, ವೆಂಬ್ಲಿ, ಸೌತಾಲ್ ಇವೆ. ದೋಸೆಯ ಆಸೆಯಾದರೆ ನನ್ನ ಓಟು ಈಸ್ಟ್ ಹ್ಯಾಮ್‌ಗೆ.

ತರಕಾರಿ, ಹಾಲು, ಬ್ರೆಡ್ಡಿಗೆ ಆಲ್ಡಿ, ಲಿಡ್ಲ್ ಅಗ್ಗ. ಟೆಸ್ಕೊಗೆ ಹೋದರೆ ಕ್ಲಬ್‌ಕಾರ್ಡ್ ಆ್ಯಪ್ ಇರಲಿ, ಇಲ್ಲದಿದ್ದರೆ ಅದೇ ವಸ್ತುವಿಗೆ ಜಾಸ್ತಿ ಕೊಡುತ್ತೀರಿ. ಸಂಜೆ ಹೊತ್ತಿಗೆ ಅವತ್ತೇ ಮುಗಿಯಬೇಕಾದ ವಸ್ತುಗಳಿಗೆ ಹಳದಿ ಸ್ಟಿಕ್ಕರ್ ಹಚ್ಚಿ ಬೆಲೆ ಇಳಿಸುತ್ತಾರೆ. ಅದನ್ನು ತಗೊಳ್ಳಲು ನಾಚಿಕೆ ಬೇಡ, ಇಲ್ಲಿಯವರೂ ಕಾದು ನಿಂತಿರುತ್ತಾರೆ. ಭಾನುವಾರ ದೊಡ್ಡ ಅಂಗಡಿಗಳು ಆರೇ ಗಂಟೆ ತೆರೆದಿರುತ್ತವೆ. ಡಿಸೆಂಬರ್ 25ರಂದು ಅಂಗಡಿಯೂ ಇಲ್ಲ, ರೈಲೂ ಇಲ್ಲ, ಹೆಚ್ಚಿನ ಕಡೆ ಬಸ್ಸೂ ಇಲ್ಲ. ಹಿಂದಿನ ದಿನವೇ ಹಾಲು ತಂದಿಟ್ಟುಕೊಳ್ಳಿ.

ಸಸ್ಯಾಹಾರಿಗಳು ಲೇಬಲ್ ಓದುವ ಅಭ್ಯಾಸ ಮಾಡಿಕೊಳ್ಳಿ. ಜೆಲ್ಲಿ ಮಿಠಾಯಿಯಲ್ಲಿ ಪ್ರಾಣಿಯ ಜೆಲಟಿನ್ ಇರಬಹುದು, ಪಾರ್ಮೆಸಾನ್ ಚೀಸ್ ಸಸ್ಯಾಹಾರ ಅಲ್ಲ. ಇಲ್ಲಿನ ಮೊಸರು ಹುಳಿ ಬರುವುದಿಲ್ಲ ಅಂತ ನನ್ನ ದೊಡ್ಡ ದೂರು, ಅದಕ್ಕೆ ಪರಿಹಾರ ಇಲ್ಲ.

ಜ್ವರ ಬಂದರೆ ನೇರ ಆಸ್ಪತ್ರೆಗೆ ಹೋಗಬಹುದಾ?

ನಮ್ಮಲ್ಲಿ ಹಾಗೆ ಅಲ್ವಾ, ಯಾವ ಕ್ಲಿನಿಕ್ಕಿಗಾದರೂ ನುಗ್ಗಿ ಚೀಟಿ ತಗೊಂಡು ಕೂತರೆ ಆಯಿತು. ಇಲ್ಲಿ ಮೊದಲು 'ಜಿಪಿ' ಎನ್ನುವ ಬಡಾವಣೆಯ ಡಾಕ್ಟರ ಹತ್ತಿರ ಹೆಸರು ನೋಂದಾಯಿಸಿಕೊಂಡಿರಬೇಕು. ಚೆನ್ನಾಗಿರುವಾಗಲೇ, ಬಂದ ಮೊದಲ ವಾರವೇ ಮಾಡಿ. ಅದಕ್ಕೆ ದುಡ್ಡಿಲ್ಲ. ವೀಸಾ ಜೊತೆ ವರ್ಷಕ್ಕೆ 776 ಪೌಂಡಿನ ಹಾಗೆ ಹೆಲ್ತ್ ಸರ್‌ಚಾರ್ಜ್ ಕಟ್ಟಿದ್ದೀರಲ್ಲ, ಅದು ಇದಕ್ಕೇ.

ಗಂಟಲು ನೋವು, ಸೈನಸ್, ಹೆಣ್ಣುಮಕ್ಕಳಿಗೆ ಉರಿಮೂತ್ರ, ಇಂಥದ್ದಕ್ಕೆ ಹತ್ತಿರದ ಫಾರ್ಮಸಿಗೆ ಹೋಗಿ. 2024ರ ಜನವರಿಯಿಂದ ಏಳು ತೊಂದರೆಗಳಿಗೆ ಫಾರ್ಮಸಿಸ್ಟರೇ ನೋಡಿ ಔಷಧ ಕೊಡಬಹುದು. ಏನು ಮಾಡಬೇಕು ಗೊತ್ತಾಗದಿದ್ದರೆ 111ಕ್ಕೆ ಫೋನ್ ಮಾಡಿ. ಪ್ರಾಣಕ್ಕೆ ಅಪಾಯ ಅನ್ನಿಸಿದರೆ 999. ಡಾಕ್ಟರು ಬರೆದ ಔಷಧಕ್ಕೆ ಇಂಗ್ಲೆಂಡಿನಲ್ಲಿ ಒಂದೊಂದಕ್ಕೆ 9.90 ಪೌಂಡ್. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಅದೂ ಇಲ್ಲ.

ಆ್ಯಂಟಿಬಯಾಟಿಕ್ ಸುಲಭಕ್ಕೆ ಬರೆಯುವುದಿಲ್ಲ. ಪ್ಯಾರಸಿಟಮಾಲ್ ತಗೊಳ್ಳಿ, ನೀರು ಕುಡಿಯಿರಿ, ಮಲಗಿ ಅಂತ ಕಳಿಸುತ್ತಾರೆ. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ "ಇದಕ್ಕೆ ಡಾಕ್ಟರ್ ಯಾಕೆ, ನಾನೇ ಹೇಳುತ್ತಿದ್ದೆ" ಅಂದರು. 25 ವರ್ಷದ ಒಳಗಿದ್ದು ಮೊದಲ ಸಲ ಯೂನಿವರ್ಸಿಟಿಗೆ ಸೇರುತ್ತಿದ್ದರೆ ಮೆನಿಂಜೈಟಿಸ್ ಲಸಿಕೆ ಹಾಕುತ್ತಾರೆ. ಜಿಪಿಯಲ್ಲಿ ಕೇಳಿ ಹಾಕಿಸಿಕೊಳ್ಳಿ.

ಪಾರ್ಟ್ ಟೈಮ್ ಕೆಲಸದಿಂದ ಖರ್ಚು ತೂಗಿಸಬಹುದಾ?

ಸ್ವಲ್ಪ ಮಟ್ಟಿಗೆ. ಫೀಸನ್ನು ಇದರಿಂದಲೇ ಕಟ್ಟುತ್ತೇನೆ ಅಂದುಕೊಂಡು ಬರಬೇಡಿ. ಮೊದಲ ಕೆಲಸ ಸಿಗಲು ನನಗೆ ಎರಡೂವರೆ ತಿಂಗಳು ಬೇಕಾಯಿತು.

ಡಿಗ್ರಿ ಅಥವಾ ಮಾಸ್ಟರ್ಸ್ ಓದುವವರು ಟರ್ಮ್ ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ವಾರ ಅಂದರೆ ಸೋಮವಾರದಿಂದ ಭಾನುವಾರ. "ಹೋದ ವಾರ 15 ಮಾಡಿದ್ದೆ, ಈ ವಾರ 25 ಮಾಡುತ್ತೇನೆ" ಅನ್ನುವ ಹಾಗಿಲ್ಲ. ಎರಡು ಕಡೆ ಕೆಲಸ ಇದ್ದರೆ ಎರಡೂ ಸೇರಿ 20. ಮಾಲೀಕರು "ಪರವಾಗಿಲ್ಲ, ಉಳಿದದ್ದು ಕ್ಯಾಶ್ ಕೊಡುತ್ತೇನೆ" ಅನ್ನಬಹುದು. ಹೋಗುವುದು ಅವರ ವೀಸಾ ಅಲ್ಲ, ನಿಮ್ಮದು.

ಮಾಸ್ಟರ್ಸ್‌ನವರು ಎಡವುವ ಜಾಗ ಒಂದಿದೆ. ಜೂನ್‌ನಿಂದ ಸೆಪ್ಟೆಂಬರ್ ಬೇಸಿಗೆ ರಜೆ ಅಂದುಕೊಳ್ಳುತ್ತಾರೆ. ಬಿಎಸ್ಸಿಯವರಿಗೆ ಅದು ರಜೆ. ನಿಮಗೆ ಅದು ಡಿಸರ್ಟೇಷನ್ ಎಂಬ ಕೊನೆಯ ದೊಡ್ಡ ಪ್ರಬಂಧ ಬರೆಯುವ ಕಾಲ, ಟರ್ಮ್ ಲೆಕ್ಕವೇ. ಪೂರ್ತಿ ಹೊತ್ತು ಕೆಲಸ ಮಾಡುವ ಮುಂಚೆ ಯೂನಿವರ್ಸಿಟಿಯಿಂದ ಟರ್ಮ್ ತಾರೀಕುಗಳನ್ನು ಬರಹದಲ್ಲಿ ತಗೊಳ್ಳಿ.

ಸ್ವಂತ ಉದ್ಯೋಗ ಪೂರ್ತಿ ನಿಷಿದ್ಧ. ಸೈಕಲ್ ಮೇಲೆ ಊಟ ತಲುಪಿಸುವ ಆ್ಯಪ್ ಕೆಲಸಗಳಲ್ಲಿ ನಿಮ್ಮನ್ನು ಸಾಮಾನ್ಯವಾಗಿ ಸ್ವಂತ ಉದ್ಯೋಗಿ ಅಂತಲೇ ಲೆಕ್ಕ ಹಾಕುತ್ತಾರೆ. ಫ್ರೀಲಾನ್ಸ್ ಕೋಡಿಂಗೂ ಅಷ್ಟೇ. ಬೇರೆಯವರ ಖಾತೆ ಬಾಡಿಗೆಗೆ ಪಡೆದು ಡೆಲಿವರಿ ಮಾಡುವ ಹುಡುಗರನ್ನು ನೋಡಿದ್ದೇನೆ. ಹೊಟ್ಟೆಪಾಡು ಅರ್ಥವಾಗುತ್ತದೆ, ಆದರೂ ಬೇಡ.

ಕನಿಷ್ಠ ಕೂಲಿ 21 ದಾಟಿದವರಿಗೆ 2025ರ ಏಪ್ರಿಲ್‌ನಿಂದ ಗಂಟೆಗೆ 12.21 ಪೌಂಡ್ ಇತ್ತು, 2026ರ ಏಪ್ರಿಲ್‌ನಿಂದ 12.71. ಅದಕ್ಕಿಂತ ಕಡಿಮೆ ಕೊಟ್ಟರೆ ಕಾನೂನುಬಾಹಿರ, ಕೊಡುವವರು ನಮ್ಮ ಊರಿನವರೇ ಆಗಿದ್ದರೂ. ಸಂಬಳ, ತೆರಿಗೆಯ ದಾಖಲೆಗೆ ಬೇಕಾದ ನ್ಯಾಷನಲ್ ಇನ್ಶೂರೆನ್ಸ್ ನಂಬರಿಗೆ ಆನ್‌ಲೈನ್ ಅರ್ಜಿ ಹಾಕಿ. ಅದು ಬರುವ ಮುಂಚೆಯೂ ಕೆಲಸ ಶುರು ಮಾಡಬಹುದು. ವರ್ಷಕ್ಕೆ 12,570 ಪೌಂಡಿನವರೆಗೆ ಆದಾಯ ತೆರಿಗೆ ಇಲ್ಲ. ಮೊದಲ ಸಂಬಳದಲ್ಲಿ ಸುಮ್ನೆ ತೆರಿಗೆ ಹಿಡಿದಿದ್ದರೆ ಟ್ಯಾಕ್ಸ್ ಕೋಡ್ ತಪ್ಪಿರಬಹುದು, ಕೇಳಿದರೆ ವಾಪಸ್ ಬರುತ್ತದೆ.

62 ಬಂದಿದೆ. ನಾನು ಇಷ್ಟು ದಡ್ಡಿಯಾ?

ಇದು ನನ್ನದೇ ಪ್ರಶ್ನೆ, ನನ್ನ ಸೀನಿಯರ್ ಒಬ್ಬರಿಗೆ ಅಳುತ್ತಾ ಕೇಳಿದ್ದು. ಪಿಯುಸಿಯಲ್ಲಿ 94 ತೆಗೆದವಳು ನಾನು! ಇಲ್ಲಿ ಮಾಸ್ಟರ್ಸ್‌ಗೆ ಸಾಮಾನ್ಯವಾಗಿ 50 ಪಾಸು, 60 ಮೆರಿಟ್, 70 ಡಿಸ್ಟಿಂಕ್ಷನ್. 80 ಕೊಡುವುದೇ ಅಪರೂಪ. ಹಾಗಾಗಿ 62 ಒಳ್ಳೆಯದೇ. ಮನೆಯಲ್ಲಿ ಇದನ್ನು ಮೊದಲೇ ವಿವರಿಸಿ, ಇಲ್ಲದಿದ್ದರೆ ಅಪ್ಪ "ಅಲ್ಲಿ ಹೋಗಿ ಏನು ಮಾಡುತ್ತಿದ್ದೀಯಾ" ಅನ್ನುತ್ತಾರೆ.

ಪ್ರೊಫೆಸರನ್ನು ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ಬಾಯಿ ತಿರುಗಲು ಮೂರು ತಿಂಗಳು ಬೇಕಾಯಿತು. ಅಲ್ಲಿಯವರೆಗೆ ಏನೂ ಕರೆಯದೆ ನೇರವಾಗಿ ವಿಷಯಕ್ಕೇ ಬರುತ್ತಿದ್ದೆ. ಸೆಮಿನಾರಿನಲ್ಲಿ ಸುಮ್ಮನೆ ಕೂರುವುದನ್ನು ಇಲ್ಲಿ ಯಾರೂ ವಿನಯ ಅನ್ನುವುದಿಲ್ಲ, ಓದಿಕೊಂಡು ಬಂದಿಲ್ಲ ಅಂದುಕೊಳ್ಳುತ್ತಾರೆ. ಅರ್ಧಂಬರ್ಧ ಯೋಚನೆಯಾದರೂ ಬಾಯಿಬಿಟ್ಟು ಹೇಳಿ.

ನಕಲು ವಿಷಯದಲ್ಲಿ ಬಲು ಕಟ್ಟುನಿಟ್ಟು. ಪುಸ್ತಕದ ಸಾಲನ್ನು ಎಲ್ಲಿಂದ ತಗೊಂಡಿರಿ ಅಂತ ಹೇಳದೆ ಹಾಕಿದರೂ ಅದು ನಕಲೇ. ದುಡ್ಡು ತಗೊಂಡು ಪ್ರಬಂಧ ಬರೆದುಕೊಡುವ ದಂಧೆಯನ್ನು 2022ರ ಕಾನೂನು ಅಪರಾಧ ಅಂದಿದೆ. ಆ ಜನ ಆಮೇಲೆ ನಿಮ್ಮನ್ನೇ ಬೆದರಿಸುವುದೂ ಉಂಟು. ಎಐ ಬಳಸಬಹುದಾ ಅನ್ನುವುದು ಒಂದೊಂದು ವಿಷಯಕ್ಕೆ ಒಂದೊಂದು ರೀತಿ, ಪಾಠ ಮಾಡುವವರನ್ನೇ ಕೇಳಿ. ಹುಷಾರಿಲ್ಲದೆ ಅಸೈನ್‌ಮೆಂಟ್ ತಡವಾಗುವ ಹಾಗಿದ್ದರೆ ಕೊನೆಯ ದಿನಕ್ಕೆ ಮುಂಚೆಯೇ ಅರ್ಜಿ ಕೊಡಿ. ಕ್ಲಾಸಿಗೆ ಹೇಳದೆ ಚಕ್ಕರ್ ಹೊಡೆದರೆ ಅದು ವೀಸಾವರೆಗೂ ಹೋಗುತ್ತದೆ.

ಓಡಾಟಕ್ಕೆ ಏನು ಅಗ್ಗ?

ಇಂಗ್ಲೆಂಡಿನ ಹೆಚ್ಚಿನ ಬಸ್ಸುಗಳಲ್ಲಿ ಒಂದು ಪ್ರಯಾಣಕ್ಕೆ 3 ಪೌಂಡಿಗಿಂತ ಜಾಸ್ತಿ ಇಲ್ಲ. ಸ್ಟಾಪಿನಲ್ಲಿ ನಿಂತರೆ ಸಾಲದು, ಕೈ ಅಡ್ಡ ಹಿಡಿಯಬೇಕು, ಇಲ್ಲದಿದ್ದರೆ ಹೋಗಿಬಿಡುತ್ತದೆ. ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಹೇಳುವುದು ರೂಢಿ. ರೈಲಿಗೆ 35 ಪೌಂಡಿನ 16–25 ರೈಲ್‌ಕಾರ್ಡ್ ಮಾಡಿಸಿದರೆ ಟಿಕೆಟ್ಟಿನಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ. 26 ದಾಟಿದ ಪೂರ್ಣಾವಧಿ ವಿದ್ಯಾರ್ಥಿಗಳಿಗೂ ಅದು ಸಿಗುತ್ತದೆ, ಹೆಸರು ನೋಡಿ ಬಿಡಬೇಡಿ. ಲೆಸ್ಟರ್‌ನಿಂದ ಲಂಡನ್‌ನ ಸೇಂಟ್ ಪ್ಯಾಂಕ್ರಾಸ್‌ಗೆ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ. ದುಡ್ಡು ಉಳಿಸಬೇಕಾದರೆ ಕೋಚ್, ಅಂದರೆ ದೂರದ ಊರಿಗೆ ಹೋಗುವ ಬಸ್ಸು, ಹೊತ್ತು ಮಾತ್ರ ಜಾಸ್ತಿ.

ಎಲ್ಲರೂ "ಆರ್ ಯೂ ಆಲ್ ರೈಟ್?" ಅಂತಾರೆ. ನಾನು ಹುಷಾರಿಲ್ಲದವಳ ಹಾಗೆ ಕಾಣುತ್ತೀನಾ?

ಇಲ್ಲ, ಅದು "ಊಟ ಆಯ್ತಾ?" ಇದ್ದ ಹಾಗೆ. ನಮ್ಮಲ್ಲಿ ಅದಕ್ಕೆ ಯಾರೂ ಏನು ತಿಂದೆ ಅಂತ ಪಟ್ಟಿ ಕೊಡುವುದಿಲ್ಲ. "ಯಾ, ಯೂ?" ಅಂದು ಮುಂದೆ ಹೋಗಿ. ಲೆಸ್ಟರ್, ನಾಟಿಂಗ್‌ಹ್ಯಾಮ್ ಕಡೆ ಅಂಗಡಿಯವರು 'ಡಕ್' ಅಂತ ಕರೆಯುತ್ತಾರೆ, ಅದು ಪ್ರೀತಿಯ ಮಾತು. ಉತ್ತರದ ಕಡೆ ಯಾರಾದರೂ 'ಟೀ'ಗೆ ಬಾ ಅಂದರೆ ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಿ, ಅದು ರಾತ್ರಿಯೂಟ ಇರಬಹುದು.

ಡಿಸೆಂಬರ್‌ನಲ್ಲಿ ಏನೂ ಬೇಡ ಅನ್ನಿಸುತ್ತಿದೆ.

ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಊರಿಗೂ ಇಲ್ಲಿಗೂ ಇರುವ ಅಂತರ ನಾಲ್ಕೂವರೆಯಿಂದ ಐದೂವರೆ ಗಂಟೆ ಆಗುತ್ತದೆ. ಡಿಸೆಂಬರ್‌ನಲ್ಲಿ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಲೈಬ್ರರಿಯಿಂದ ಹೊರಗೆ ಬಂದರೆ ನಡುರಾತ್ರಿಯ ಹಾಗೆ ಕತ್ತಲೆ, ಗಂಟೆ ನೋಡಿದರೆ ನಾಲ್ಕೂಕಾಲು. ಊರಲ್ಲಿ ಆ ಹೊತ್ತಿಗೆ ಊಟ ಮುಗಿಸಿ ಮಲಗುವ ತಯಾರಿ, ಫೋನ್ ಮಾಡಲೂ ಹಿಂಜರಿಕೆ. ಎಲ್ಲರಿಗೂ ಒಂದಿಷ್ಟು ಆಗುತ್ತದೆ, ನಿಮ್ಮ ಮನಸ್ಸಿನದೇ ಏನೋ ದೋಷ ಅಂದುಕೊಳ್ಳಬೇಡಿ.

ನನಗೆ ಕೆಲಸಕ್ಕೆ ಬಂದಿದ್ದು ಮಧ್ಯಾಹ್ನ ಹನ್ನೆರಡಕ್ಕೆ ಅರ್ಧ ಗಂಟೆ ನಡೆಯುವುದು, ಮೋಡ ಇದ್ದರೂ. ಅಕ್ಟೋಬರ್‌ನಿಂದ ಮಾರ್ಚ್ ಆರಂಭದವರೆಗೆ ಎಲ್ಲರೂ ದಿನಾ 10 ಮೈಕ್ರೋಗ್ರಾಂ ವಿಟಮಿನ್ ಡಿ ತಗೊಳ್ಳುವ ಬಗ್ಗೆ ಯೋಚಿಸಿ ಅಂತ ಇಲ್ಲಿನ ಸರ್ಕಾರವೇ ಹೇಳುತ್ತದೆ. ನಮ್ಮ ಮೈಬಣ್ಣದವರು ವರ್ಷವಿಡೀ ತಗೊಂಡರೂ ಒಳ್ಳೆಯದು. ಯೂನಿವರ್ಸಿಟಿಯಲ್ಲಿ ಕೌನ್ಸೆಲಿಂಗ್ ಉಚಿತ, ಅದು ನಿಮ್ಮ ಮಾರ್ಕ್ಸಿಗೋ ವೀಸಾಕ್ಕೋ ತಾಗುವುದಿಲ್ಲ. ನಡುರಾತ್ರಿ ಯಾರ ಜೊತೆಯಾದರೂ ಮಾತಾಡಲೇಬೇಕು ಅನ್ನಿಸಿದರೆ ಸಮಾರಿಟನ್ಸ್‌ನವರ 116 123 ಇದೆ, ದುಡ್ಡಿಲ್ಲ, ದಿನವಿಡೀ ಎತ್ತುತ್ತಾರೆ.

ಹೋಮ್ ಆಫೀಸಿನಿಂದ ಫೋನ್ ಬಂತು, ದಂಡ ಕಟ್ಟದಿದ್ದರೆ ಗಡೀಪಾರಂತೆ!

ಇಟ್ಟುಬಿಡಿ. ಹೋಮ್ ಆಫೀಸ್, ಅಂದರೆ ವೀಸಾ ನೋಡಿಕೊಳ್ಳುವ ಇಲ್ಲಿನ ಗೃಹ ಇಲಾಖೆ, ಫೋನ್ ಮಾಡಿ ದಂಡ ಕೇಳುವುದಿಲ್ಲ. ಕರೆ ಮಾಡಿದವರಿಗೆ ನಿಮ್ಮ ಪಾಸ್‌ಪೋರ್ಟ್ ನಂಬರ್ ಗೊತ್ತಿದ್ದರೂ ಅದು ಮೋಸವೇ. ಬ್ಯಾಂಕಿನವರು ಅಂತ ಯಾರಾದರೂ ಕರೆದರೆ ಇಟ್ಟು 159ಕ್ಕೆ ಮಾಡಿ, ಅದು ನಿಮ್ಮ ನಿಜವಾದ ಬ್ಯಾಂಕಿಗೆ ಹೋಗುತ್ತದೆ. "ನಿನ್ನ ಖಾತೆಗೆ ಸ್ವಲ್ಪ ದುಡ್ಡು ಹಾಕುತ್ತೇನೆ, ಇನ್ನೊಬ್ಬರಿಗೆ ಕಳಿಸು, ಕಮಿಷನ್ ಇಟ್ಟುಕೋ" ಅಂದವರು ಗೆಳೆಯರಾಗಿದ್ದರೂ ಬೇಡ. ಅದು ಕಳ್ಳದುಡ್ಡು ಸಾಗಿಸುವ ಅಪರಾಧ, 14 ವರ್ಷದವರೆಗೆ ಜೈಲು.

ಕನ್ನಡದವರು ಸಿಗುತ್ತಾರಾ?

ಸಿಗುತ್ತಾರೆ. ಕನ್ನಡ ಬಳಗ ಯುಕೆ, ಕನ್ನಡಿಗರು ಯುಕೆ ಅಂತ ಸಂಘಗಳಿವೆ, ಯುಗಾದಿ, ದೀಪಾವಳಿ, ರಾಜ್ಯೋತ್ಸವಕ್ಕೆ ಸೇರುತ್ತಾರೆ. ಲಂಡನ್‌ಗೆ ಹೋದರೆ ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವಣ್ಣನವರ ಪ್ರತಿಮೆ ನೋಡಿ ಬನ್ನಿ, 2015ರ ನವೆಂಬರ್‌ನಲ್ಲಿ ಅನಾವರಣ ಆಗಿದ್ದು. ಎದುರು ದಂಡೆಯಲ್ಲೇ ಪಾರ್ಲಿಮೆಂಟು.

ಹಾಗಂತ ಬರೀ ನಮ್ಮವರ ಜೊತೆಯೇ ಇರಬೇಡಿ. ಐದು ಜನ ಕನ್ನಡದವರು ಒಂದೇ ಮನೆಯಲ್ಲಿದ್ದು, ವರ್ಷ ಮುಗಿದರೂ ಪಕ್ಕದ ಮನೆಯವರ ಹೆಸರು ಗೊತ್ತಿಲ್ಲದೆ ವಾಪಸ್ ಹೋದದ್ದು ನೋಡಿದ್ದೇನೆ. ಸ್ಟೂಡೆಂಟ್ಸ್ ಯೂನಿಯನ್ನಿನ ಸೊಸೈಟಿಗಳಲ್ಲಿ ಒಂದಕ್ಕಾದರೂ ಸೇರಿ. ನಾನು ಬ್ಯಾಡ್ಮಿಂಟನ್‌ಗೆ ಸೇರಿದ್ದೆ. ಪಬ್ಬಿಗೆ ಕರೆದರೆ ಹೋಗಿ, ಕುಡಿಯದಿದ್ದರೆ ನಿಂಬೆ ಸೋಡಾ ಕೇಳಿ, ಯಾರೂ ಏನೂ ಅನ್ನುವುದಿಲ್ಲ.

ನಾವು ಇಲ್ಲಿ ವೋಟ್ ಹಾಕಬಹುದು ಅಂದರು ಯಾರೋ. ತಮಾಷೆ ಅಲ್ವಾ?

ನಿಜವೇ. ಭಾರತ ಕಾಮನ್‌ವೆಲ್ತ್ ದೇಶ, ಹಾಗಾಗಿ ಇಲ್ಲಿ ವೀಸಾದಲ್ಲಿ ಇರುವ 18 ದಾಟಿದ ಭಾರತೀಯರು ಮತದಾರರ ಪಟ್ಟಿಗೆ ಸೇರಬಹುದು, ಪಾರ್ಲಿಮೆಂಟ್ ಚುನಾವಣೆಯಲ್ಲೂ ವೋಟ್ ಹಾಕಬಹುದು. ಪಟ್ಟಿಯಲ್ಲಿ ಹೆಸರಿದ್ದರೆ ಕ್ರೆಡಿಟ್ ಸ್ಕೋರಿಗೂ ಒಳ್ಳೆಯದು.

ಮದುವೆಯಾಗಿದೆ. ಗಂಡನನ್ನು ಕರೆತರಬಹುದಾ? ಓದು ಮುಗಿದ ಮೇಲೆ ಇಲ್ಲೇ ಇರಬಹುದಾ?

ಸಾಮಾನ್ಯ ಎಂಎಸ್ಸಿ, ಎಂಬಿಎಗೆ ಬರುವವರು 2024ರ ಜನವರಿಯಿಂದ ಸಂಗಾತಿ, ಮಕ್ಕಳನ್ನು ಕರೆತರುವಂತಿಲ್ಲ. ಪಿಎಚ್‌ಡಿಯಂಥ ಸಂಶೋಧನೆಗೆ ಬರುವವರಿಗೆ, ಸರ್ಕಾರಿ ಸ್ಕಾಲರ್‌ಶಿಪ್ ಇರುವ ಕೆಲವರಿಗೆ ಮಾತ್ರ ಅವಕಾಶ. ಏಜೆಂಟರು ಬೇರೆ ಹೇಳಿದರೆ ನಂಬಬೇಡಿ.

ಓದು ಮುಗಿದ ಮೇಲೆ ಗ್ರಾಜುಯೇಟ್ ವೀಸಾ ಇದೆ. 2026ರ ಕೊನೆಯವರೆಗೆ ಅರ್ಜಿ ಹಾಕಿದವರಿಗೆ ಎರಡು ವರ್ಷ. 2027ರ ಜನವರಿ 1ರಿಂದ ಅರ್ಜಿ ಹಾಕುವ ಡಿಗ್ರಿ, ಮಾಸ್ಟರ್ಸ್‌ನವರಿಗೆ 18 ತಿಂಗಳು. ಪಿಎಚ್‌ಡಿಗೆ ಮೂರು ವರ್ಷ. ಅರ್ಜಿಯನ್ನು ಇಲ್ಲಿದ್ದೇ, ಸ್ಟೂಡೆಂಟ್ ವೀಸಾ ಮುಗಿಯುವ ಮುಂಚೆ ಹಾಕಬೇಕು. ಅದಾದ ಮೇಲೆ ನಿಮ್ಮ ಕೆಲಸದ ವೀಸಾಕ್ಕೆ ಕಂಪನಿಯೇ ಸ್ಪಾನ್ಸರ್ ಮಾಡುವ ಕೆಲಸ ಸಿಗುವುದು ಸುಲಭವಲ್ಲ. ನನ್ನ ಬ್ಯಾಚಿನ ಅರ್ಧಕ್ಕರ್ಧ ಜನ ವಾಪಸ್ ಹೋದರು, ಅವರಲ್ಲಿ ಹೆಚ್ಚಿನವರು ಚೆನ್ನಾಗಿಯೇ ಇದ್ದಾರೆ. ಮನೆ ಅಡ ಇಟ್ಟು ಸಾಲ ಮಾಡಿ ಬರುವವರು ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಿ.

ಅಕ್ಕಾ, ಬರುವಾಗ ನಿಮಗೇನು ತರಲಿ?

ಅಪ್ಪೆಮಿಡಿ ಉಪ್ಪಿನಕಾಯಿ. ಗಾಜಿನ ಬಾಟಲಿ ಬೇಡ, ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮುಚ್ಚಳಕ್ಕೆ ಟೇಪ್ ಸುತ್ತಿ, ಎರಡು ಕವರಿನಲ್ಲಿಟ್ಟು ದೊಡ್ಡ ಸೂಟ್‌ಕೇಸಿನಲ್ಲಿ ಹಾಕಿ. ಕೈಚೀಲದಲ್ಲಿಟ್ಟರೆ ಬೆಂಗಳೂರಿನ ಸೆಕ್ಯೂರಿಟಿಯಲ್ಲೇ ತೆಗೆದಿಡಿಸುತ್ತಾರೆ. ಹೋದ ವರ್ಷ ಹಾಗೇ ಒಂದು ಡಬ್ಬಿ ಹೋಯಿತು, ಇನ್ನೂ ಹೊಟ್ಟೆ ಉರಿಯುತ್ತದೆ.